ಹೊರಗೆ ಕೂರುವ ಸದಸ್ಯ

ಬೆಳಿಗ್ಗೆ ಎದ್ದಾಗಿನಿಂದ ಯಜ್ಞೇಶನಿಗೆ ತನ್ನ ಬಲಗೈ ಯಾರದೋ ಕೈಯೆಂಬಂತೆ ಅನ್ನಿಸುತ್ತಿತ್ತು. ಹಲ್ಲುಜ್ಜುವಾಗ, ಅಂಗಿಯ ತೋಳಿನೊಳಗೆ ಅದನ್ನು ತೂರಿಸುವಾಗ, ಸ್ಕೂಟರಿನ ಕೀ ತಿರುಗಿಸುವಾಗ ಅದರ ತೂಕ ಪ್ರತ್ಯೇಕವಾಗಿ ಅರಿವಿಗೆ ಬರುತ್ತಿತ್ತು. ಇನ್ನು ಸ್ವಲ್ಪ ಹೊತ್ತಿಗೆ ಪಂಚಾಯಿತಿಯ ಸಭೆಯಲ್ಲಿ ಅದನ್ನು ಎತ್ತಬೇಕಾಗಿತ್ತು. ಎಲ್ಲರಿಗೂ ಕಾಣುವಂತೆ, ಎಲ್ಲರಿಗಿಂತ ಮೊದಲು. ಸದಸ್ಯನಾಗಿ ಮೂರು ವರ್ಷವಾಗಿದ್ದರೂ ಆ ಸಭೆಯಲ್ಲಿ ಯಾರಾದರೂ ಕೈ ಎತ್ತಿದ್ದನ್ನು ಅವನು ಕಂಡಿರಲಿಲ್ಲ. ಅಲ್ಲಿ ವಿಷಯವನ್ನು ಓದುತ್ತಾರೆ, ಅಧ್ಯಕ್ಷರು ‘ಆಗಬಹುದಲ್ಲ?’ ಎನ್ನುತ್ತಾರೆ, ಯಾರೋ ಕೆಮ್ಮುತ್ತಾರೆ, ಆ ಕೆಮ್ಮನ್ನೇ ಒಪ್ಪಿಗೆಯೆಂದು ತಿಳಿದು ಮುಂದಿನ ವಿಷಯಕ್ಕೆ ಹೋಗುತ್ತಾರೆ. ಬೇಡವೆನ್ನಬೇಕಾದವನು ಅಂದು ಸಭೆಗೇ ಬರುವುದಿಲ್ಲ. ಹೊಟ್ಟೆ ಸರಿಯಿಲ್ಲ, ನೆಂಟರು ಬಂದಿದ್ದಾರೆ ಎಂದು ಫೋನ್ ಮಾಡುತ್ತಾನೆ. ಇಂದು ಒಬ್ಬನ ಎದುರು ಬೇಡವೆಂದು, ನಾಳೆ ಅವನ ಮನೆಯ ಗೃಹಪ್ರವೇಶದಲ್ಲಿ ಅವನೇ ಬಡಿಸುವ ಪಾಯಸಕ್ಕೆ ಎಲೆಯ ಮೇಲೆ ಜಾಗ ಮಾಡಿಕೊಡಬೇಕಾದ ಊರು ಅದು. ಅಂಥ ಊರಿನಲ್ಲಿ ಕೈ ಎತ್ತುವುದು ಅಭಿಪ್ರಾಯವನ್ನು ತಿಳಿಸುವ ಕ್ರಿಯೆಯಾಗಿರದೆ ಒಂದು ಅಸಭ್ಯತೆಯಾಗಿತ್ತು. ಊಟದ ಪಂಕ್ತಿಯಿಂದ ನಡುವೆ ಎದ್ದುಹೋದಂತೆ.

ಸಭೆಯ ಮುಂದಿದ್ದದ್ದು ಒಂದು ಗುಡ್ಡದ ವಿಷಯ. ಕೊಪ್ಪದಿಂದ ಶೃಂಗೇರಿಗೆ ಹೋಗುವ ರಸ್ತೆಯಿಂದ ಸ್ವಲ್ಪ ಒಳಗಿದ್ದ ಆ ಗುಡ್ಡವನ್ನು ಮೆಟ್ಟಿಲು ಮೆಟ್ಟಿಲಾಗಿ ಕಡಿದು, ವಾರದ ಕೊನೆಗೆ ಬಂದು ಉಳಿಯುವವರಿಗಾಗಿ ಮನೆಗಳ ಲೇಔಟ್ ಮಾಡಲು ಈಶಾನನೆಂಬ ಯುವಕ ಅರ್ಜಿ ಹಾಕಿದ್ದ. ನರಸಿಂಹರಾಜಪುರದ ಹಿನ್ನೀರಿನ ಕಡೆ ಅಂಥದ್ದೊಂದನ್ನು ಅವನು ಆಗಲೇ ಮುಗಿಸಿದ್ದ. ಪಂಚಾಯಿತಿ ತನ್ನ ಆಕ್ಷೇಪಣೆ ಇಲ್ಲವೆಂದು ಠರಾವು ಮಾಡಿಕೊಟ್ಟರೆ ಉಳಿದದ್ದೆಲ್ಲ ತಾನಾಗಿ ನಡೆಯುತ್ತದೆಂಬುದು ಎಲ್ಲರಿಗೂ ತಿಳಿದಿತ್ತು. ಗುಡ್ಡದ ಬುಡದಲ್ಲಿ, ಹಿಂದೆಂದೋ ರಸ್ತೆಗಾಗಿ ನೆಟ್ಟಗೆ ಕಡಿದುಬಿಟ್ಟ ಮಣ್ಣಿನ ಗೋಡೆಯ ಕೆಳಗೆ, ಏಳು ಮನೆಗಳಿದ್ದವು. ಊರವರು ದರೆ ಎಂದು ಕರೆಯುವ ಆ ಗೋಡೆ ಹೋದ ಆಷಾಢದಲ್ಲಿ ಒಂದು ಕಡೆ ಜರಿದಿತ್ತು. ಮಧ್ಯಾಹ್ನ ಗಂಜಿ ಬಸಿಯುವ ಹೊತ್ತಿಗೆ ಬೀಬಿ ಜಾನ್ ಎಂಬ ಮುದುಕಿಯ ಹಿತ್ತಿಲ ಬಾಗಿಲಿನಿಂದ ಕೆಂಪು ಮಣ್ಣು ಒಳಗೆ ಬಂತು. ಸದ್ದು ಮಾಡಲಿಲ್ಲ, ಯಾರನ್ನೂ ತಳ್ಳಲಿಲ್ಲ. ಪರಿಚಯದವರು ಬಂದಂತೆ ನಿಧಾನವಾಗಿ ಬಂದು ಒಲೆಯ ಹತ್ತಿರ ನಿಂತಿತು. ಆಕೆ ಮೊದಲು ಅನ್ನದ ಪಾತ್ರೆಗೆ ತಟ್ಟೆ ಮುಚ್ಚಿ, ಆಮೇಲೆ ಹೊರಗೋಡಿದ್ದಳು. ಆ ದರೆಯ ನೆತ್ತಿಯ ಮೇಲೆ ಇನ್ನು ಯಂತ್ರಗಳು ಹತ್ತಲಿದ್ದವು. ಆ ಏಳು ಮನೆಗಳು ಯಜ್ಞೇಶನ ಕ್ಷೇತ್ರಕ್ಕೆ ಸೇರಿದ್ದವು. ‘ನಾನಿರುವವರೆಗೆ ಮೇಲೆ ಕಡಿಯಲು ಬಿಡುವುದಿಲ್ಲ, ಬೀಬಿಯಮ್ಮ’ ಎಂದು ಅವನು ಅದೇ ಹಿತ್ತಿಲಿನಲ್ಲಿ, ಪ್ಯಾಂಟನ್ನು ಮೊಣಕಾಲಿನವರೆಗೆ ಮಡಚಿಕೊಂಡು ಹೇಳಿದ್ದ. ಹೇಳುವಾಗ ತನ್ನ ಧ್ವನಿ ತನಗೇ ಇಷ್ಟವಾಗಿದ್ದು ಈಗ ಅಂಗಾಲಿಗೆ ಹೊಕ್ಕ ಸಣ್ಣ ಮುಳ್ಳಿನಂತೆ ನೆನಪಿಗೆ ಬರುತ್ತಿತ್ತು.

ಒಂಬತ್ತು ಸದಸ್ಯರಲ್ಲಿ ಐವರು ಬೇಡವೆಂದರೆ ಸಾಕು. ಕಿರಾಣಿ ಅಂಗಡಿಯ ಅಸಾದುಲ್ಲಾ ಇನ್ನೂ ಮೂವರನ್ನು ಒಪ್ಪಿಸಿದ್ದ. ಆದರೆ ಅವನದೊಂದು ಷರತ್ತಿತ್ತು. ನಿನ್ನೆ ಸಂಜೆ ಅಂಗಡಿಯಲ್ಲಿ ಬೆಲ್ಲದ ಅಚ್ಚನ್ನು ಕಾಗದದಲ್ಲಿ ಸುತ್ತುತ್ತ, ತಲೆ ಎತ್ತದೆಯೇ ಹೇಳಿದ್ದ: ‘ನೀವು ಮೊದಲು ಎತ್ತಿ ಭಟ್ರೆ. ನೀವು ಎತ್ತಿದ ಮೇಲೂ ನಾವು ನಾಲ್ಕು ಜನ ಎತ್ತದಿದ್ರೆ ಮತ್ತೆ ಈ ಅಂಗಡಿ ಮೆಟ್ಲು ಹತ್ತಬೇಡಿ. ಆದ್ರೆ ಮೊದಲು ನನ್ನ ಹತ್ರ ಎತ್ತಿಸ್ಬೇಡಿ ಮಾರಾಯ್ರೆ. ದರೆ ಕೆಳಗೆ ಅವನ ಜನದ ಮನೆ ಉಂಟು, ಅದಕ್ಕೆ ಎತ್ತಿದ ಅಂದ್ಬಿಡ್ತಾರೆ. ನೀವಾದ್ರೆ ಯಾರೂ ಎಂತ ಹೇಳುವ ಹಾಗಿಲ್ಲ.’ ಯಾರೂ ಏನೂ ಹೇಳುವ ಹಾಗಿಲ್ಲ ಎಂಬ ಆ ಮಾತನ್ನು ಯಜ್ಞೇಶ ಬೆಲ್ಲದ ಪೊಟ್ಟಣದ ಜೊತೆಗೆ ಮನೆಗೆ ತಂದಿದ್ದ.

ಆ ಮಾತೇ ಅವನನ್ನು ಕೆಡಿಸಿತೇನೋ. ಏಕೆಂದರೆ ಹೇಳುವುದಕ್ಕೆ ಒಂದು ವಿಷಯವಿತ್ತು. ಕೊಪ್ಪದ ಬಸ್ ನಿಲ್ದಾಣದ ಹತ್ತಿರವಿರುವ ಅವನ ಕನ್ನಡಕದ ಅಂಗಡಿಗೆ ಎರಡು ತಿಂಗಳ ಹಿಂದೆ ಈಶಾನ ಬಂದಿದ್ದ. ಚಪ್ಪಲಿಯನ್ನು ಹೊರಗೆ ಬಿಟ್ಟು ಒಳಗೆ ಬಂದ. ಅಂಗಡಿಗೆ ಯಾರೂ ಚಪ್ಪಲಿ ಬಿಟ್ಟು ಬರುವುದಿಲ್ಲವಾದ್ದರಿಂದ ಆ ಮರ್ಯಾದೆಯಲ್ಲೇ ಏನೋ ಬೇಡಿಕೆಯಿದ್ದಂತೆ ತೋರಿತು. ಗಾಜಿನ ಮೇಜಿನ ಮೇಲೆ ಫ್ರೇಮುಗಳನ್ನು ಪಕ್ಕಕ್ಕೆ ಸರಿಸಿ ಲೇಔಟಿನ ಬಣ್ಣದ ನಕ್ಷೆಯನ್ನು ಬಿಡಿಸಿದ. ‘ಮೇಲಕ್ಕೆ ಹೋಗುವ ರಸ್ತೆ ಇಲ್ಲಿಂದ ಬಂದ್ರೆ ಸುಲಭ ಸರ್. ಇದು ಮೇಡಂ ಹೆಸರಿನಲ್ಲಿರೋ ಜಾಗ. ನೀವು ಹೂಂ ಅನ್ನಬೇಕು ಅಂತಿಲ್ಲ. ನೋಡಿರಿ ಅಷ್ಟೇ.’ ಗುಡ್ಡದ ಓರೆಯಲ್ಲಿ ಯಜ್ಞೇಶನ ಹೆಂಡತಿ ಅರ್ಪಣಾಳಿಗೆ ಅವಳ ತಾಯಿ ವೆಂಕಮ್ಮ ಮದುವೆಯಲ್ಲಿ ಕೊಟ್ಟ ಜಾಗದ ತುಂಡೊಂದಿತ್ತು. ಹುಲ್ಲು ಬಿಟ್ಟರೆ ಅಲ್ಲಿ ಏನೂ ಬೆಳೆಯುತ್ತಿರಲಿಲ್ಲ. ನಕ್ಷೆಯಲ್ಲಿ ಅದಕ್ಕೆ ಹಳದಿ ಬಣ್ಣ ಹಚ್ಚಿದ್ದರು. ಆ ಹಳದಿಯನ್ನು ನೋಡಿದಾಗ ಯಜ್ಞೇಶನ ಎದೆಯಲ್ಲಿ ಏನೋ ಒಂದು ಹಿತವಾಗಿ ಹರಡಿತು. ಒಂದು ಗಳಿಗೆ ಮಾತ್ರ. ನಕ್ಷೆಯನ್ನು ಸುತ್ತಿದ ಕೂಡಲೇ ಅದು ಹೋಯಿತು. ‘ಆಗುವುದಿಲ್ಲ’ ಎಂದ. ಅರ್ಪಣಾಳೂ ಅಂದೇ ಸಂಜೆ ಆಗುವುದಿಲ್ಲವೆಂದಳು. ಈಶಾನ ಎರಡನ್ನೂ ನಗುತ್ತಲೇ ಕೇಳಿಸಿಕೊಂಡ. ಅಲ್ಲಿಗೆ ಅದು ಮುಗಿದಿತ್ತು, ಯಜ್ಞೇಶನ ಎದೆಯೊಳಗಿನ ಆ ಒಂದು ಗಳಿಗೆಯ ಹೊರತಾಗಿ. ಸಭೆಯಲ್ಲಿ ತಾನು ಎದ್ದುನಿಂತು ಬೇಡವೆಂದಾಗ ಹಳದಿಯನ್ನು ನೋಡಿ ಹಿಗ್ಗಿದವನೇ ಬೇಡವೆನ್ನುತ್ತಿದ್ದಾನೆಂಬುದು ತನಗೆ ತಿಳಿದಿರುತ್ತದೆ. ಬೇರೆ ಯಾರಿಗೂ ತಿಳಿದಿರುವುದಿಲ್ಲವೆಂಬುದೇ ಅವನಿಗೆ ಸಹಿಸಲಾಗದ ಸಂಗತಿಯಾಯಿತು.

‘ನಾ ಕೊಡ್ತಿಲ್ಲೆ ಹೇಳಿ ಆತು. ಮತ್ತೆಂತಕ್ಕೆ ಅದ್ನ ಎಲ್ಲರ ಎದುರಿಗೆ ಹೇಳವು?’ ಎಂದಿದ್ದಳು ಅರ್ಪಣಾ ಇಂದು ಬೆಳಿಗ್ಗೆ, ಕಾವಲಿಯಿಂದ ದೋಸೆ ಎಬ್ಬಿಸುತ್ತ. ನಿಯಮದಲ್ಲಿ ಹಾಗಿದೆ, ಸದಸ್ಯನ ಮನೆಯವರಿಗೆ ಸಂಬಂಧಪಟ್ಟ ವಿಷಯ ಬಂದಾಗ ಅವನು ಅದನ್ನು ಮೊದಲೇ ತಿಳಿಸಬೇಕು, ತಿಳಿಸಿ ಆಮೇಲೆ ವಿರೋಧಿಸಿದರೆ ಆ ವಿರೋಧಕ್ಕೆ ಬೆಲೆ ಹೆಚ್ಚು ಎಂದು ಅವನು ವಿವರಿಸಿದ. ವಿವರಿಸುವಾಗ ಅಂಗಡಿಯಲ್ಲಿ ಗಿರಾಕಿಗೆ ಗಾಜಿನ ಪವರನ್ನು ವಿವರಿಸುವ ಅದೇ ಸ್ವರ ಬಂತು. ಅರ್ಪಣಾ ದೋಸೆಯನ್ನು ಅವನ ತಟ್ಟೆಗೆ ಹಾಕಿದಳು. ‘ಸುಂದರೇಶ್ ಹೇಳ್ತ್ನಾ, ತನ್ನ ಭಾವಂದೇ ಹಿಟಾಚಿ ಗುಡ್ಡ ಹತ್ತದು ಹೇಳಿ? ನಿಂಗಕ್ಕೆ ಮಾತ್ರ ಎಂತ ನಿಯಮ?’ ಅಧ್ಯಕ್ಷ ಸುಂದರೇಶನ ತಂಗಿಯ ಗಂಡನ ಮಣ್ಣಗೆಯುವ ಯಂತ್ರಗಳು ಒಂದು ವಾರದಿಂದ ಗುಡ್ಡದ ಬುಡದಲ್ಲಿ ಬಂದು ನಿಂತಿದ್ದವು. ಲೇಔಟಿನಲ್ಲಿ ಭಾವನಿಗೆ ಪಾಲೂ ಇದೆಯೆಂದು ಊರೆಲ್ಲ ಹೇಳುತ್ತಿತ್ತು. ಅದನ್ನೆಲ್ಲ ತಿಳಿದೇ ತಾನು ಬೇರೆಯವನಾಗಿರಬೇಕೆಂದು ಯಜ್ಞೇಶನಿಗೆ ಅನ್ನಿಸಿತ್ತು. ದೋಸೆ ಒಂದು ಬದಿಯಲ್ಲಿ ಸೀದಿತ್ತು. ಅವನು ಆ ಭಾಗವನ್ನು ಅಳತೆಯಿಟ್ಟಂತೆ ಮುರಿದು ತಟ್ಟೆಯ ಅಂಚಿಗೆ ಇಟ್ಟ.

ಕಚೇರಿಯ ಜಗಲಿಯ ಬೆಂಚಿನ ಮೇಲೆ ಬೀಬಿ ಜಾನ್ ಆಗಲೇ ಬಂದು ಕೂತಿದ್ದಳು. ಹೋದ ತಿಂಗಳು ಅವನೇ ಮಾಡಿಕೊಟ್ಟ ಕನ್ನಡಕ ಮೂಗಿನ ಮೇಲಿತ್ತು. ಅದನ್ನು ಮೊದಲ ಸಲ ಹಾಕಿಕೊಂಡು ಮನೆಗೆ ಹೋದವಳು ಮರುದಿನ ಅಂಗಡಿಗೆ ಬಂದು, ‘ಭಟ್ರೆ, ದರೆ ಹತ್ರ ಬಂದ ಹಾಗೆ ಕಾಣ್ತದೆ’ ಎಂದಿದ್ದಳು. ಪ್ಲಸ್ ಪವರಿನ ಗಾಜಿನಲ್ಲಿ ವಸ್ತು ಸ್ವಲ್ಪ ದೊಡ್ಡದಾಗಿ ಕಾಣುತ್ತದೆ, ಅಭ್ಯಾಸವಾದರೆ ಸರಿಹೋಗುತ್ತದೆ ಎಂದು ಅವನು ತಿಳಿಸಿ ಕಳಿಸಿದ್ದ. ಈಗ ಆಕೆ ಎದ್ದು ನಿಲ್ಲಲು ಹೋದಳು. ಬೇಡವೆಂದು ಕೈಸನ್ನೆ ಮಾಡಿ ಒಳಗೆ ನಡೆದ. ಬೆನ್ನ ಮೇಲೆ ಆ ಎರಡು ಗಾಜುಗಳಿರುವಂತೆ ಭಾಸವಾಯಿತು.

ಒಳಗೆ ಫ್ಯಾನ್ ತಿರುಗುತ್ತಿತ್ತು. ಅದರ ಕೆಳಗೆ ಒಂಬತ್ತು ಜನರೂ ಇದ್ದರು. ಯಾರಿಗೂ ಹೊಟ್ಟೆನೋವು ಬಂದಿರಲಿಲ್ಲ. ಗುಡ್ಡದ ವಿಷಯವನ್ನು ಅಭಿವೃದ್ಧಿ ಅಧಿಕಾರಿ, ಎಲ್ಲರೂ ಪಿಡಿಓ ಮೇಡಂ ಎನ್ನುತ್ತಿದ್ದ ಚಿಕ್ಕ ವಯಸ್ಸಿನ ಹೆಂಗಸು, ಒಂದೇ ಉಸಿರಿನಲ್ಲಿ ಓದಿ ಮುಗಿಸಿದಳು. ಸುಂದರೇಶ್ ಕನ್ನಡಕ ತೆಗೆದು ಒರೆಸುತ್ತ ಬಾಯಿ ತೆರೆಯುವ ಮೊದಲೇ ಯಜ್ಞೇಶ ಎದ್ದುನಿಂತ. ಎದುರಿಗೆ ಅಸಾದುಲ್ಲಾ ಕುರ್ಚಿಯ ಅಂಚಿಗೆ ಸರಿದು, ಎರಡೂ ಕೈಗಳನ್ನು ಮೇಜಿನ ಮೇಲೆ ತಂದಿಟ್ಟುಕೊಂಡದ್ದು ಕಂಡಿತು. ಆಗ ಕೈ ಎತ್ತಿಬಿಟ್ಟಿದ್ದರೆ ಆಗಿಹೋಗುತ್ತಿತ್ತು. ಯಜ್ಞೇಶ ಮಾತಾಡಿದ. ತನ್ನ ವಿರೋಧವನ್ನು ಹೇಳುವ ಮೊದಲು ಸಭೆಗೆ ಒಂದು ಸಂಗತಿಯನ್ನು ತಿಳಿಸುವುದು ತನ್ನ ಕರ್ತವ್ಯವೆಂದು, ಲೇಔಟಿನ ರಸ್ತೆಗೆ ಕೇಳಿರುವ ಜಾಗಗಳಲ್ಲಿ ಒಂದು ತನ್ನ ಹೆಂಡತಿಯದೆಂದು, ತಾವು ಅದನ್ನು ಕೊಡುವುದಿಲ್ಲವೆಂದು ಹೇಳಿರುವುದಾಗಿ, ಆದರೂ ಇದು ಎಲ್ಲರಿಗೂ ಗೊತ್ತಿರಬೇಕೆಂದು. ವಾಕ್ಯಗಳು ರಾತ್ರಿ ಜೋಡಿಸಿಟ್ಟ ಕ್ರಮದಲ್ಲಿಯೇ ಹೊರಬಂದವು. ಹೇಳಿ ಮುಗಿಸಿದಾಗ ಕಿವಿಯ ಹಿಂದೆ ತಣ್ಣಗಾಯಿತು. ಅಷ್ಟು ಹಗುರವಾದದ್ದು ಎಷ್ಟೋ ವರ್ಷಗಳಲ್ಲಿ ಮೊದಲ ಸಲ.

ಸುಂದರೇಶ್ ಕನ್ನಡಕವನ್ನು ಮತ್ತೆ ಮೂಗಿಗೇರಿಸಿದ. ಅದೂ ಯಜ್ಞೇಶನ ಅಂಗಡಿಯದೇ. ‘ನೋಡಿ, ಹೀಗಿರ್ಬೇಕು ಮನುಷ್ಯ’ ಎಂದ, ಎಲ್ಲರ ಕಡೆ ತಿರುಗಿ, ಅಣಕದ ಸುಳಿವೂ ಇಲ್ಲದೆ. ‘ಯಾರು ಹೇಳ್ತಾರೆ ಈಗಿನ ಕಾಲದಲ್ಲಿ? ಮೇಡಂ, ಇದಕ್ಕೆ ನಿಯಮ ಎಂತ ಉಂಟು?’

ಪಿಡಿಓ ಮೇಡಂ ಪೆನ್ನನ್ನು ಕೆಳಗಿಟ್ಟಳು. ‘ಅಂಥ ಸದಸ್ಯರು ಆ ವಿಷಯದ ಚರ್ಚೇಲಿ ಭಾಗವಹಿಸಬಾರ್ದು ಸರ್. ಮತಾನೂ ಹಾಕೋ ಹಾಗಿಲ್ಲ. ಹೊರಗೆ ಇರಬೇಕಾಗ್ತದೆ.’

‘ಆದರೆ ನಾವು ಕೊಡುವುದಿಲ್ಲ ಅಂದಿದ್ದೇವೆ. ನಮಗೆ ಇದರಲ್ಲಿ ಲಾಭವಿಲ್ಲ.’

‘ಇವತ್ತು ಕೊಡೋದಿಲ್ಲ’ ಎಂದ ಸುಂದರೇಶ್. ‘ನಾಳೆ ಮೇಲೆ ರಸ್ತೆ ಆದ್ರೆ ನಿಮ್ಮ ಜಾಗಕ್ಕೆ ಬೆಲೆ ಏರೋದಿಲ್ವಾ ಭಟ್ರೆ? ನಾನು ನಿಮ್ಮನ್ನು ಅನುಮಾನ ಮಾಡಿ ಹೇಳೋದಲ್ಲ. ಹೊರಗಿನವ ಯಾರಾದ್ರೂ ನಾಳೆ ಅಂದ್ರೆ ನಿಮ್ಮ ಮರ್ಯಾದೆ ಪ್ರಶ್ನೆ.’

‘ಹಾಗಾದರೆ ನಿಮ್ಮ ಭಾವ,’ ಎಂದ ಯಜ್ಞೇಶ. ಮುಂದಿನ ಮಾತನ್ನು ಅವನು ಜೋಡಿಸಿಟ್ಟಿರಲಿಲ್ಲ.

ಸುಂದರೇಶ್ ನಕ್ಕ. ಇನ್ನಿಬ್ಬರೂ ನಕ್ಕರು. ‘ಭಾವ ಹಿಟಾಚಿ ಬಾಡಿಗೆಗೆ ಕೊಡ್ತಾನೆ. ನಾಳೆ ನಿಮ್ಮ ಮನೆ ಬಾವಿ ತೋಡ್ಲಿಕ್ಕೂ ಕೊಡ್ತಾನೆ. ನನ್ನ ಹೆಸರು ಎಲ್ಲಾದ್ರೂ ಉಂಟಾ ಹೇಳಿ. ಇದ್ರೆ ನಾನೂ ನಿಮ್ಮ ಜೊತೆ ಬಂದು ಹೊರಗೆ ಕೂರ್ತೇನೆ, ಕಾಫಿ ಕುಡಿಯುವ.’ ಪಿಡಿಓ ಮೇಡಂ ತಗ್ಗಿದ ದನಿಯಲ್ಲಿ, ‘ನೀವು ಹೇಳದಿದ್ರೆ ನನಗೆ ಗೊತ್ತಾಗ್ತಿರಲಿಲ್ಲ ಸರ್. ಹೇಳಿದ ಮೇಲೆ ನಾನು ಕೇಳಿಸ್ಕೊಂಡಿಲ್ಲ ಅನ್ನೋಕಾಗಲ್ಲ’ ಎಂದಳು. ಅದರಲ್ಲಿ ಮರುಕವಿತ್ತು, ಅದಕ್ಕೇ ಅದನ್ನು ಎದುರಿಸಲಾಗಲಿಲ್ಲ. ಯಜ್ಞೇಶ ಅಸಾದುಲ್ಲಾನ ಕಡೆ ನೋಡಿದ. ಅಸಾದುಲ್ಲಾ ತನ್ನ ಕೈಗಳನ್ನು ಮೇಜಿನ ಮೇಲಿಂದ ತೆಗೆದು ತೊಡೆಯ ಮೇಲೆ ಇಟ್ಟುಕೊಳ್ಳುತ್ತಿದ್ದ, ಒಂದಾದ ಮೇಲೆ ಒಂದರಂತೆ. ಕೂಗಾಡಬಹುದಿತ್ತು. ಹೋಗುವುದಿಲ್ಲವೆಂದು ಕುರ್ಚಿಯಲ್ಲಿಯೇ ಕೂರಬಹುದಿತ್ತು. ಆದರೆ ನಿಯಮವನ್ನು ಮೊದಲು ಎತ್ತಿದವನು ತಾನೇ ಆಗಿದ್ದ. ಕುರ್ಚಿಯನ್ನು ಹಿಂದಕ್ಕೆ ಸರಿಸಿ, ಮತ್ತೆ ಮೇಜಿನ ಅಡಿಗೆ ಸರಿಯಾಗಿ ತಳ್ಳಿ ಹೊರಗೆ ಬಂದ. ಬಾಗಿಲು ತಾನಾಗಿ ಮುಚ್ಚಿಕೊಂಡಿತು.

‘ಮುಗೀತಾ ಭಟ್ರೆ?’ ಎಂದಳು ಬೀಬಿ ಜಾನ್, ಬೆಂಚಿನಲ್ಲಿ ಜಾಗ ಮಾಡುತ್ತ. ಇನ್ನೂ ಇಲ್ಲವೆಂದು ಹೇಳಿ ಅವನು ಪಕ್ಕದಲ್ಲಿ ಕೂತ. ಆಕೆ ಅವನ ಮುಖ ನೋಡಿದಳು. ‘ಒಳಗೆ ಸೆಖೆಯಾ? ಗಾಳಿಗೆ ಬಂದದ್ದಾ?’ ಹೌದು ಎಂಬಂತೆ ಅವನು ತಲೆಯಾಡಿಸಿದ. ಅದು ಆ ದಿನ ಅವನು ಹೇಳಿದ ಮೊದಲ ಸುಳ್ಳು. ಅದು ಎಷ್ಟು ಸಲೀಸಾಗಿ ಬಂತೆಂದರೆ ಒಳಗೆ ಅಷ್ಟು ಕಷ್ಟಪಟ್ಟು ಹೇಳಿದ ಸತ್ಯ ಯಾರದೋ ಎಂಬಂತಾಯಿತು. ಎದುರಿಗೆ, ರಸ್ತೆಯ ಆಚೆ, ಗುಡ್ಡದ ಮಗ್ಗುಲು ಬಿಸಿಲಿನಲ್ಲಿ ಕೆಂಪಗೆ ಒಣಗಿ ನಿಂತಿತ್ತು. ಮಾರ್ಗಶಿರದ ಬಿಸಿಲಿಗೆ ದರೆ ಇಟ್ಟಿಗೆಯಷ್ಟು ಗಟ್ಟಿಯಾಗಿ ಕಾಣುತ್ತದೆ; ಅದರ ಪೊಟರೆಗಳಲ್ಲಿ ಹಕ್ಕಿಗಳು ಹೊಕ್ಕು ಹೊರಡುತ್ತವೆ. ಅದನ್ನು ಈಗ ತೋರಿಸಿ ಇದು ಬೀಳುತ್ತದೆ ಎಂದರೆ ಹೇಳಿದವನೇ ಸುಳ್ಳನಾಗುತ್ತಾನೆ. ‘ಮಗ ಬಸರೀಕಟ್ಟೆಗೆ ಎಸ್ಟೇಟಿನ ಜೀಪ್ ತಕೊಂಡು ಹೋಗಿದ್ದಾನೆ,’ ಎನ್ನುತ್ತಿದ್ದಳು ಬೀಬಿ ಜಾನ್. ‘ಅವ ಹೇಳ್ತಾನೆ, ಅಮ್ಮ, ಮನೆ ಬಿಟ್ಟು ಬಾ, ಬಾಡಿಗೆ ಮನೆ ಹಿಡಿಯುವ. ನಾ ಹೇಳಿದೆ, ಭಟ್ರು ಒಳಗೆ ಇದ್ದಾರಲ್ಲ, ಅವಸರ ಯಾಕೆ ನಿನಗೆ.’

ಭಟ್ರು ಒಳಗಿರಲಿಲ್ಲ. ಗೋಡೆಯ ಆಚೆಯಿಂದ ಸುಂದರೇಶನ ದನಿಯ ಗುಂಯ್‌ಗುಡುವಿಕೆ ಮಾತ್ರ ಬರುತ್ತಿತ್ತು. ಯಜ್ಞೇಶ ತನ್ನನ್ನೇ ವಿಚಾರಿಸತೊಡಗಿದ, ಗಿರಾಕಿಯ ಕಣ್ಣೆದುರು ಒಂದೊಂದೇ ಗಾಜನ್ನು ಬದಲಿಸಿ ಈಗ ಸ್ಪಷ್ಟವೋ, ಈಗಲೋ ಎಂದು ಕೇಳುವಂತೆ. ನಿಯಮದಲ್ಲಿ ಮಾತಾಡಬಾರದೆಂಬ ಭಾಗವನ್ನು ತಾನು ಓದಿರಲಿಲ್ಲವೇ? ಓದಿದ್ದ. ತಿಳಿಸಬೇಕೆಂಬ ಸಾಲಿನ ಕೆಳಗೆಯೇ ಅದಿತ್ತು. ಕೊಡುವುದಿಲ್ಲವೆಂದ ಮೇಲೆ ಅದು ತನಗೆ ಅನ್ವಯಿಸುವುದಿಲ್ಲವೆಂದು ತೀರ್ಮಾನಿಸಿದ್ದ. ಹಾಗೆ ತೀರ್ಮಾನಿಸಿದ್ದನೋ, ಅಥವಾ ಅನ್ವಯಿಸಿದರೂ ಆಗಲಿ ಎಂದು ಮನಸ್ಸಿನ ಯಾವುದೋ ಮೂಲೆಯಲ್ಲಿ ಬಿಟ್ಟುಕೊಟ್ಟಿದ್ದನೋ? ಎಲ್ಲರಿಗಿಂತ ಮೊದಲು ಕೈ ಎತ್ತುವ ಆ ಒಂದು ಗಳಿಗೆಯಿಂದ ತಪ್ಪಿಸಿಕೊಳ್ಳಲು, ಹೊಟ್ಟೆನೋವೆಂದು ಫೋನ್ ಮಾಡುವವರಿಗಿಂತ ಘನವಾದ ಒಂದು ದಾರಿಯನ್ನು ಹುಡುಕಿದ್ದನೋ? ಮಾತು ಮುಗಿಸಿದಾಗ ಕಿವಿಯ ಹಿಂದೆ ಆದ ಆ ತಂಪು ಶುದ್ಧನಾದವನದೋ, ಬಿಡುಗಡೆಯಾದವನದೋ? ಎರಡು ಗಾಜಿನಲ್ಲಿಯೂ ಅಕ್ಷರ ಒಂದೇ ರೀತಿ ಕಾಣುತ್ತಿತ್ತು. ಮಗುವಾಗಿದ್ದಾಗ ಪಕ್ಕದ ಮನೆಯ ಪೇರಲೆಹಣ್ಣನ್ನು ಕಿತ್ತು, ತಿನ್ನುವ ಮೊದಲೇ ಒಯ್ದು ಒಪ್ಪಿಸಿ ಭೇಷ್ ಎನ್ನಿಸಿಕೊಂಡು ಬಂದಿದ್ದ. ಆಗ ಮರದ ಕೆಳಗೆ ಸಿಕ್ಕಿಬಿದ್ದ ಜೊತೆಗಾರನಿಗೆ ಬಿದ್ದ ಏಟುಗಳ ಸದ್ದು ಈಗ ಗೋಡೆಯ ಆಚೆಯ ನಗುವಿನೊಂದಿಗೆ ಬೆರೆಯಿತು. ‘ನಗ್ತಾ ಇದ್ದಾರೆ. ಒಳ್ಳೇದೇ ಆಗ್ತದೆ’ ಎಂದಳು ಬೀಬಿ ಜಾನ್.

ಬಾಗಿಲು ತೆರೆದು ಮೊದಲು ಹೊರಗೆ ಬಂದವನು ಅಸಾದುಲ್ಲಾ. ಕಿಸೆಯಿಂದ ಫೋನ್ ತೆಗೆದವನು ಬೆಂಚಿನ ಮೇಲಿದ್ದ ಇಬ್ಬರನ್ನೂ ನೋಡಿ ಅದನ್ನು ಮತ್ತೆ ಒಳಗಿಟ್ಟ. ‘ಆಯ್ತು’ ಎಂದ.

‘ಎಷ್ಟು ಜನ ಎತ್ತಿದಿರಿ?’

‘ಯಾರು ಎತ್ತೋದು?’ ಅಸಾದುಲ್ಲಾನ ದನಿ ಏರಲಿಲ್ಲ. ‘ನೀವು ಎದ್ದು ಹೋದ ಮೇಲೆ ಅವ್ರು ಕೇಳಿದ್ರು, ಬೇಡ ಅನ್ನೋರು ಇದ್ದಾರಾ ಅಂತ. ಎಲ್ಲರೂ ನಿಮ್ಮ ಖಾಲಿ ಕುರ್ಚಿ ನೋಡಿದ್ವಿ. ಸರ್ವಾನುಮತ ಅಂತ ಬರೆದ್ರು. ನಾನು ಕೇಳ್ತೇನೆ ಭಟ್ರೆ, ಆ ಹುಲ್ಲಿನ ಜಾಗದ ಸುದ್ದಿ ನಿಮ್ಮ ಹತ್ರ ಯಾರು ಕೇಳಿದ್ದು ಮಾರಾಯ್ರೆ?’

ಬೀಬಿ ಜಾನ್ ಅಸಾದುಲ್ಲಾನ ಮುಖವನ್ನೂ ಯಜ್ಞೇಶನ ಮುಖವನ್ನೂ ಒಂದೊಂದು ಸಲ ನೋಡಿದಳು. ಕನ್ನಡಕವನ್ನು ತೆಗೆದು ಸೆರಗಿನಲ್ಲಿ ಸುತ್ತಿಕೊಂಡಳು. ‘ನಿಮ್ಮ ಜಾಗ ಉಂಟಾ ಅಲ್ಲಿ?’ ಎಂದು ಕೇಳಿದಳು. ಆರೋಪವಿಲ್ಲದೆ, ಗೊತ್ತಿಲ್ಲದ್ದನ್ನು ತಿಳಿಯಲು ಕೇಳುವಂತೆ.

‘ಹೆಂಡತಿಯದು. ಕೊಟ್ಟಿಲ್ಲ, ಬೀಬಿಯಮ್ಮ. ಕೊಡುವುದೂ ಇಲ್ಲ.’

‘ಕೊಡಿ, ಬಿಡಿ. ಅದು ನಿಮ್ಮದು’ ಎಂದಳು ಆಕೆ. ‘ನನಗೆ ಹೇಳಿದ್ರೆ ಮೊದಲೇ ಮಗನಿಗೆ ಹೂಂ ಅಂತಿದ್ದೆ.’ ಬೆಂಚಿನ ಕೈಯನ್ನು ಹಿಡಿದು ಎದ್ದಳು. ಮೆಟ್ಟಿಲಿಳಿಯುವಾಗ ಅಸಾದುಲ್ಲಾ ಆಕೆಯ ತೋಳು ಹಿಡಿದ. ಹಿಡಿಯಲು ಯಜ್ಞೇಶನೂ ಎದ್ದಿದ್ದ. ಆದರೆ ಮೆಟ್ಟಿಲು ಇಬ್ಬರಿಗೆ ಸಾಲುವಷ್ಟೇ ಅಗಲವಿತ್ತು.

‘ಭಟ್ರೆ, ಬನ್ನಿ ಒಳಗೆ. ಮುಂದಿನ ವಿಷಯಕ್ಕೆ ನಿಮ್ಮನ್ನೇ ಕಾಯ್ತಾ ಇದ್ದೇವೆ’ ಎಂದು ಸುಂದರೇಶ್ ಬಾಗಿಲಿನವರೆಗೆ ಬಂದು ಕರೆದ. ಹೋಗದಿರಬಹುದಿತ್ತು. ಸ್ಕೂಟರು ಮೆಟ್ಟಿಲಿನ ಹತ್ತಿರವೇ ನಿಂತಿತ್ತು. ಆದರೆ ಅಲ್ಲಿಯವರೆಗೆ ಹೋಗಬೇಕಾದರೆ ಆ ಮುದುಕಿಯನ್ನು ದಾಟಿ ಹೋಗಬೇಕಿತ್ತು. ಅವನು ಒಳಗೆ ಹೋಗಿ ಕೂತ. ಸ್ವಲ್ಪ ಹೊತ್ತಿಗೆ ಅಸಾದುಲ್ಲಾನೂ ಬಂದ. ಈಗ ಎಲ್ಲರೂ ಅವನೊಂದಿಗೆ ವಿಶೇಷ ಮೃದುವಾಗಿ ನಡೆದುಕೊಳ್ಳುತ್ತಿದ್ದರು. ಕಾಫಿಯ ಲೋಟವನ್ನು ಯಾರೋ ಅವನ ಹತ್ತಿರಕ್ಕೆ ಸರಿಸಿದರು. ಪಂಚಾಯಿತಿಗೆ ಸೋಲಾರ್ ದೀಪಗಳು ಬಂದಿದ್ದವು. ‘ಎರಡು ನಿಮ್ಮ ಕಡೆಗೆ ಇರ್ಲಿ’ ಎಂದ ಸುಂದರೇಶ್. ‘ಎಲ್ಲಿ ಹಾಕ್ಬೇಕು ಅಂತ ನೀವೇ ಹೇಳಿ. ನೀವು ಹೇಳಿದ ಜಾಗಕ್ಕೇ ಹಾಕುವ.’

‘ಒಂದು ಬೀಬಿ ಜಾನ್ ಮನೆಯ ಎದುರು, ತಿರುವಿನಲ್ಲಿ’ ಎಂದ ಯಜ್ಞೇಶ. ದನಿ ಸಹಜವಾಗಿಯೇ ಇತ್ತು. ದರೆ ರಸ್ತೆಯವರೆಗೂ ಬರುವ ಆ ತಿರುವಿನಲ್ಲಿ ಕಂಬ ನೆಡುವವರು ದರೆಗೆ ತಾಗಿಸಿಯೇ ಗುಂಡಿ ತೋಡುತ್ತಾರೆಂಬುದು ಆಗ ಹೊಳೆಯಿತು. ‘ದರೆಯ ಬದಿಗೆ ಬೇಡ. ರಸ್ತೆಯ ಈಚೆ ಹಾಕಿಸಿ. ದರೆಯ ಹತ್ತಿರ ಮಣ್ಣು ಸಡಿಲ ಇದೆ, ಕಂಬ ನಿಲ್ಲುವುದಿಲ್ಲ.’

‘ಅದು ಹೌದು. ಅಲ್ಲಿ ಮಣ್ಣು ನಿಲ್ಲೋದೇ ಇಲ್ಲ’ ಎಂದ ಸುಂದರೇಶ್. ‘ಹೋದ ಆಷಾಢದಲ್ಲಿ ಅಡುಗೆಮನೆಗೇ ಬಂದಿತ್ತಲ್ಲ’ ಎಂದ ಇನ್ನೊಬ್ಬ. ಮೂರನೆಯವನು ತನಗೂ ಗೊತ್ತೆಂದ. ಅಸಾದುಲ್ಲಾ ಕಾಫಿಯ ಲೋಟದೊಳಗೆ ನೋಡುತ್ತಿದ್ದ. ಆ ಮಣ್ಣಿನ ಬಗ್ಗೆ ಆ ಕೋಣೆಯಲ್ಲಿ ಭಿನ್ನಾಭಿಪ್ರಾಯವಿರಲಿಲ್ಲ.

ಪಿಡಿಓ ಮೇಡಂ ಬರೆಯುತ್ತ ತಲೆ ಎತ್ತಿದಳು. ‘ದರೆಯಿಂದ ಎಷ್ಟು ದೂರ ಅಂತ ಬರೀಲಿ ಸರ್?’

‘ಮೂರು ಮೀಟರ್.’

‘ಮೂರು ಸಾಕಾ ಭಟ್ರೆ?’ ಸುಂದರೇಶನ ಮುಖದಲ್ಲಿ ನಿಜವಾದ ಕಾಳಜಿಯಿತ್ತು. ‘ಒಂದು ಮಳೆಗೆ ಕಂಬ ಮಣ್ಣಿನಡಿಗೆ ಹೋದ್ರೆ ಪಂಚಾಯಿತಿಗೆ ನಷ್ಟ.’

ಯಜ್ಞೇಶ ಆ ಜಾಗವನ್ನು ಕಣ್ಣಮುಂದೆ ತಂದುಕೊಂಡು, ಮಣ್ಣು ಎಲ್ಲಿಯವರೆಗೆ ಬರಬಹುದೆಂದು ಲೆಕ್ಕ ಹಾಕಿದ.

‘ಐದು ಮಾಡಿ’ ಎಂದ.

ಐದು ಎಂದು ಬರೆದರು.